ಆಗಮನ ಕಾಲದ ಆಯವ್ಯಯ

ಪರದೇಶದಲ್ಲಿ ಎಳೆಯ ಮಗುವಿನೊಡನೆ ಕ್ರಿಸ್ಮಸ್ ಆಚರಿಸುವ ಗೃಹಸ್ಥರ ವೆಚ್ಚವು ಮಿತಿಮೀರುವುದಕ್ಕೆ ಮುಖ್ಯ ಕಾರಣ, ಅಜ್ಜ ಅಜ್ಜಿಯರ, ಬಂಧುಬಾಂಧವರ, ಊರಿನ ಇಗರ್ಜಿಯ ಅಭಾವವನ್ನು ವಸ್ತುಗಳಿಂದ ತುಂಬಿಕೊಡಬೇಕೆಂಬ ತಾಯ್ತಂದೆಯರ ಮಮತೆಯೇ ಆಗಿರುತ್ತದೆ. ಮಂಗಳೂರಿನಿಂದ ಬಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ನೆಲಸಿರುವ ನಮ್ಮ ಸಂಸಾರದ ಅನುಭವದಿಂದ ನಾನು ದೃಢವಾಗಿ ನಂಬಿರುವುದೇನೆಂದರೆ, ನಾಲ್ಕು ವರ್ಷದ ಮಗುವಿನ ಹಬ್ಬವು ಮುಖ್ಯವಾಗಿ ನಿರೀಕ್ಷೆಯಲ್ಲಿದೆ. ಆದುದರಿಂದ ಹಣವನ್ನೂ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕು ಭಾನುವಾರಗಳ ಉದ್ದಕ್ಕೂ ಅಲ್ಪಾಲ್ಪವಾಗಿ ಹರಡತಕ್ಕದ್ದು.

ಇಲ್ಲಿಯ ಸರ್ಕಾರವು ಮಕ್ಕಳ ಪೋಷಣೆಗೆಂದು ಕೊಡುವ ಕಿಂಡರ್‌ಗೆಲ್ಡ್ ಎಂಬ ಸಹಾಯಧನವು 2025ರಲ್ಲಿ ಪ್ರತಿ ಮಗುವಿಗೆ ತಿಂಗಳಿಗೆ 255 ಯೂರೋ ಆಗಿದ್ದಿತು. ಅದರಲ್ಲಿ 20 ಯೂರೋ ಜನವರಿ ಮೊದಲ್ಗೊಂಡು ತಾನಾಗಿಯೇ ಬೇರೊಂದು ಖಾತೆಗೆ ಸೇರುವಂತೆ ಬ್ಯಾಂಕಿಗೆ ತಿಳಿಸಿಟ್ಟರೆ ನವೆಂಬರ್ ಅಂತ್ಯಕ್ಕೆ 220 ಯೂರೋ ಕೂಡುತ್ತದೆ. ಮಗುವಿನ ಹಬ್ಬಕ್ಕೆ ನಮ್ಮ ಮನೆಯಲ್ಲಿ ಅದೇ ಪರಮಾವಧಿ. ಅನೇಕ ಸಂಸ್ಥೆಗಳು ನವೆಂಬರ್ ವೇತನದೊಡನೆ ಕೊಡುವ ಕ್ರಿಸ್ಮಸ್ ಬೋನಸ್ಸಿಗೆ ತೆರಿಗೆಯೂ ಸಾಮಾಜಿಕ ವಿಮೆಯ ವಂತಿಗೆಯೂ ಉಂಟಾದ್ದರಿಂದ, ಅದು ಕೈಸೇರುವ ಮೊದಲೇ ಅದರ ಬಲದ ಮೇಲೆ ವೆಚ್ಚಮಾಡುವುದು ವಿವೇಕವಲ್ಲ. ನಾವದನ್ನು ಊರಿನ ಪ್ರಯಾಣಕ್ಕೆ ಮೀಸಲಿಡುತ್ತೇವೆ.

ಆ ಪ್ರಯಾಣವನ್ನು ಡಿಸೆಂಬರಿನಲ್ಲಿ ಮಾಡುವುದಿಲ್ಲ. ಎರಡು ವರ್ಷ ತುಂಬುವವರೆಗೆ ಮಡಿಲಲ್ಲಿ ಕೂರುವ ಕೂಸಿಗೆ ಬಹುತೇಕ ವಿಮಾನ ಸಂಸ್ಥೆಗಳು ದೊಡ್ಡವರ ದರದ ಹತ್ತರಲ್ಲೊಂದು ಪಾಲಿನಷ್ಟನ್ನು ಪಡೆಯುತ್ತವೆ. ತರುವಾಯ ಪ್ರತ್ಯೇಕ ಆಸನ, ಹೆಚ್ಚುಕಡಮೆ ಮುಕ್ಕಾಲು ದರ. ಇಲ್ಲಿ ಕಡ್ಡಾಯ ಶಿಕ್ಷಣವು ಸುಮಾರು ಆರನೆಯ ವಯಸ್ಸಿಗೆ ಆರಂಭವಾಗುವುದರಿಂದ, ಅಲ್ಲಿಯವರೆಗೆ ಶಾಲಾ ರಜೆಯ ದುಬಾರಿ ದಿನಗಳನ್ನು ಬಿಟ್ಟು ಫೆಬ್ರವರಿಯಲ್ಲಿ ಅಜ್ಜಿಯ ಮನೆಗೆ ಹೋಗುವ ಸ್ವಾತಂತ್ರ್ಯವನ್ನು ಎಳೆಯ ಮಕ್ಕಳ ತಂದೆತಾಯಿಗಳು ಅವಶ್ಯವಾಗಿ ಬಳಸಿಕೊಳ್ಳಬೇಕು.

ಇನ್ನು ಹಬ್ಬದ ವಿನಿಯೋಗ. 24 ಬಾಗಿಲುಗಳ ಆಗಮನ ಪಂಚಾಂಗವನ್ನು ಆಟಿಕೆಗಳಿಂದ ತುಂಬಿ ಅಂಗಡಿಗಳು ಮಾರುತ್ತವೆ. ನಾವು ಹಳೆಯ ಬಟ್ಟೆಯಿಂದ ಹೊಲಿದ ಚೀಲಗಳಲ್ಲಿ ಕಿತ್ತಳೆ, ಕಡಲೆಕಾಯಿ, ಮನೆಯಲ್ಲಿ ಮಾಡಿದ ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳಾದ ಕಿಡಿಯೊ, ಚಕ್ಕುಲಿಗಳನ್ನಿಟ್ಟು ದಿನಕ್ಕೊಂದರಂತೆ ಬಿಚ್ಚಿಸುತ್ತೇವೆ. ಡಿಸೆಂಬರ್ 5ರ ರಾತ್ರಿ ಸಂತ ನಿಕೋಲಾಸನಿಗಾಗಿ ಮಗು ತಾನೇ ಒರಸಿ ಬಾಗಿಲಲ್ಲಿಡುವ ಬೂಟಿಗೆ ಒಂದು ಹಿಡಿ ಬಾದಾಮಿಯೂ ಒಂದು ಚಾಕೊಲೇಟೂ ಧಾರಾಳವಾದವು. ಬವೇರಿಯದ ಹಿಮ್ಮೆಲ್‌ಷ್ಟಾಟ್ ಎಂಬ ಊರಿನ ವಿಳಾಸಕ್ಕೆ ಬಾಲಯೇಸುವಿಗೆಂದು ಬರೆದ ಓಲೆಗೆ 2025ರ ದರದಲ್ಲಿ 95 ಸೆಂಟಿನ ಅಂಚೆಚೀಟಿ ಸಾಕು; ಅಲ್ಲಿಂದ ಮಕ್ಕಳಿಗೆ ಉತ್ತರ ಬರುತ್ತದೆ. ಆ ಉತ್ತರವನ್ನು ಕಾಯುವ ದಿನಗಳಲ್ಲಿ ನಮ್ಮ ಮಗುವಿನ ಮುಖದಲ್ಲಿ ಕಂಡ ಸಂತೋಷವನ್ನು ಬೆಲೆಬಾಳುವ ಯಾವ ಗೊಂಬೆಯೂ ತಂದುದಿಲ್ಲ.

ಕ್ರಿಸ್ಮಸ್ ಸಂತೆಗೆ ಹೋಗುವಾಗ ಕಾರ್ಡನ್ನು ಮನೆಯಲ್ಲಿಟ್ಟು ನಿಶ್ಚಿತ ಮೊತ್ತದ ನಾಣ್ಯಗಳನ್ನು ಒಯ್ಯುವುದು ಕ್ಷೇಮ. ಅಲ್ಲಿ ಮಕ್ಕಳಿಗೆಂದು ಮಾರುವ ಬಿಸಿ ಹಣ್ಣಿನ ರಸದ ಬಟ್ಟಲಿಗೆ ಠೇವಣಿ ತೆರಬೇಕು. ಬಟ್ಟಲನ್ನು ಮಗುವಿನ ಕೈಯಿಂದಲೇ ಹಿಂದಿರುಗಿಸಿ, ಮರಳಿ ಬಂದ ನಾಣ್ಯದಿಂದ ತಿರುಗುವ ಕುದುರೆಯ ಸವಾರಿ ಮಾಡಿಸಿದರೆ, ಹಣದ ಮೊದಲ ಪಾಠ ಅದಕ್ಕೆ ಆನಂದದಲ್ಲಿಯೇ ದೊರೆಯುತ್ತದೆ. 24ರ ಮಧ್ಯಾಹ್ನದಿಂದ 26ರವರೆಗೆ ಅಂಗಡಿಗಳು ಮುಚ್ಚಿರುವುದರಿಂದ ದಿನಸಿಯನ್ನು ಪಟ್ಟಿಮಾಡಿ 22ರೊಳಗೆ ಕೊಳ್ಳತಕ್ಕದ್ದು. ಕೊನೆಯ ಗಳಿಗೆಯ ಆತುರವೇ ಅತ್ಯಂತ ದುಬಾರಿಯಾದ ಖರೀದಿ.

ಈ ದೇಶದ ಮನೆಮನೆಗಳಲ್ಲಿ ಕಾಣುವ ಆಗಮನ ಕಾಲದ ದೀಪಚಕ್ರವನ್ನು 1839ರಲ್ಲಿ ಹಾಂಬುರ್ಗಿನ ದೇವಶಾಸ್ತ್ರಜ್ಞ ಯೋಹಾನ್ ಹಿನ್ರಿಶ್ ವಿಶೆರ್ನ್ ಅವರು ತಮ್ಮ ಆಶ್ರಯದಲ್ಲಿದ್ದ ಬಡಮಕ್ಕಳಿಗಾಗಿ ಆರಂಭಿಸಿದರು. ಅದನ್ನು ನೆನೆದು ನಾವು 220 ಯೂರೋಗಳ ದಶಮಾಂಶವಾದ 22 ಯೂರೋಗಳನ್ನು ಮೊದಲೇ ಬೇರ್ಪಡಿಸಿ, ಲ್ಯಾಟಿನ್ ಅಮೆರಿಕದ ಬಡವರಿಗಾಗಿ ಕ್ಯಾಥೊಲಿಕ್ ಇಗರ್ಜಿಗಳು ಕ್ರಿಸ್ಮಸ್ಸಿನಲ್ಲಿ ಸಂಗ್ರಹಿಸುವ ಅಡ್ವೇನಿಯಾತ್ ನಿಧಿಗೆ ಮಗುವಿನ ಕೈಯಿಂದ ಹಾಕಿಸುತ್ತೇವೆ. ಬಂಧುಗಳಿಲ್ಲದ ನಾಡಿನಲ್ಲಿ ಬೆಳೆಯುವ ಮಗುವಿಗೆ, ತಾನು ಕಾಣದ ಮಕ್ಕಳೂ ತನ್ನವರೇ ಎಂದು ಕಲಿಸುವ ಈ ವೆಚ್ಚವನ್ನು, ಉಳಿದೆಲ್ಲವನ್ನು ಕಡಿತಗೊಳಿಸಬೇಕಾಗಿ ಬಂದ ವರ್ಷವೂ, ಯಾವ ಗೃಹಸ್ಥನೂ ಕೈಬಿಡಬಾರದು.