ಕೊನೆಯ ಕಂತು ಮಳೆಗಾಲ ಕಳೆದ ಮೇಲೆ

ಅಕ್ಕಿಆಲೂರಿನ ಹಳೆಯ ಓಣಿಗಳಲ್ಲೂ ಹಾನಗಲ್ಲ ಸೀಮೆಯ ದೊಡ್ಡ ಊರುಗಳಲ್ಲೂ ಅಟ್ಟದ ಮನೆಗಳು ಇನ್ನೂ ಉಳಿದಿವೆ. ಅಟ್ಟ ಹತ್ತುವ ಸಾಗವಾನಿ ಪಾವಟಿಗೆ ಕಿರುಗುಟ್ಟಿ, ಪಕ್ಕದ ಕಟಾಂಜನ ಅಲುಗಾಡತೊಡಗಿದಾಗ ಮನೆಯವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಎಲ್ಲ ಕಿತ್ತುಹಾಕಿ ಕಬ್ಬಿಣದ ಮೆಟ್ಟಿಲು ಕೂರಿಸುತ್ತಾರೆ, ಇಲ್ಲವೆ ಬಡಿಗೇರರನ್ನು ಕರೆಸಿ 'ಒಟ್ಟ ಎಷ್ಟಾಗ್ತದ ಹೇಳ್ರಿ' ಎಂದು ಕೇಳಿ, ಚೌಕಾಸಿ ಮಾಡಿ, ಇಡೀ ಕೆಲಸವನ್ನು ಗುತ್ತಿಗೆ ಕೊಟ್ಟುಬಿಡುತ್ತಾರೆ. ನಾನು ಕಂಡ ರಿಪೇರಿ ಲೆಕ್ಕಗಳಲ್ಲಿ ಎರಡೂ ದಾರಿ ದುಬಾರಿಯಾಗಿಯೇ ಮುಗಿದಿವೆ. ಮರದ ಕೆಲಸದಲ್ಲಿ ಎಷ್ಟು ಕೊಟ್ಟೆವು ಎನ್ನುವುದಕ್ಕಿಂತ ಯಾವ ಹಂತಕ್ಕೆ ಎಷ್ಟು ಕೊಟ್ಟೆವು ಎನ್ನುವುದು ಹೆಚ್ಚು ಮುಖ್ಯ. ಕೊನೆಯ ಕಂತನ್ನಂತೂ ಒಂದು ಮಳೆಗಾಲ ದಾಟಿದ ಮೇಲೆಯೇ ಕೊಡಬೇಕು ಎಂಬುದು ನನ್ನ ವಾದ.

ಮೊದಲು ಕಿತ್ತುಹಾಕುವವರ ಲೆಕ್ಕ ನೋಡೋಣ. ಮೂರು ಅಡಿ ಉದ್ದ, ಹತ್ತು ಇಂಚು ಅಗಲ, ಒಂದೂವರೆ ಇಂಚು ದಪ್ಪದ ಒಂದು ಪಾವಟಿಗೆ ಹಲಗೆಯಲ್ಲಿ ಸುಮಾರು 0.31 ಘನ ಅಡಿ ಮರವಿರುತ್ತದೆ. ಹದಿನಾಲ್ಕು ಪಾವಟಿಗೆಗೆ 4.4 ಘನ ಅಡಿಯ ಹತ್ತಿರ ಬರುತ್ತದೆ. ಘನ ಅಡಿಗೆ 4,000 ರೂಪಾಯಿ ಎಂದು ಹಿಡಿದರೂ ಹಲಗೆಯೊಂದರದೇ ಬೆಲೆ 17,500. ಪಕ್ಕದ ಹಲಗೆ, ಕಂಬ, ಕೈಪಿಡಿ ಇದರಲ್ಲಿ ಸೇರಿಲ್ಲ. ಅದೂ ದಶಕಗಳಿಂದ ಒಣಗಿ ಹದಗೊಂಡ ಮರ. ಅಡ್ಡೆಯಿಂದ ಹೊಸದಾಗಿ ತಂದ ಮರ ಅಷ್ಟು ಹದಕ್ಕೆ ಬರಲು ಕಾಲ ಬೇಕು. ಹಳೆಯ ಮರವನ್ನು ಕೊಳ್ಳುವ ವ್ಯಾಪಾರಿ ಮೊಳೆ ತೂತು, ಸೀಳು, ಬಣ್ಣದ ನೆಪ ಹೇಳಿ ಬೆಲೆ ಇಳಿಸುತ್ತಾನೆ. ಅದೇ ಮರ ಕೀಸಿದ ಮೇಲೆ ಬೇರೊಬ್ಬರ ಮನೆಯ ಬಾಗಿಲಾಗಿ ಪೂರಾ ಬೆಲೆಗೆ ಹೋಗುತ್ತದೆ. ಗೆದ್ದಲು ಒಳಗೇ ತಿಂದು ಟೊಳ್ಳಾಗಿಸಿದ್ದರೆ ಮಾತು ಬೇರೆ. ದಬ್ಬಣದಿಂದ ಚುಚ್ಚಿದಾಗ ತುದಿ ಸಲೀಸಾಗಿ ಒಳಗಿಳಿದರೆ ಆ ಹಲಗೆ ಬದಲಿಸಲೇಬೇಕು. ಆದರೆ ಎರಡು ಹಲಗೆ ಕೆಟ್ಟವೆಂದು ಹದಿನಾಲ್ಕನ್ನೂ ಕೀಳುವುದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಇನ್ನು ಗುತ್ತಿಗೆಯ ದಾರಿ. ಇದರ ತೊಡಕೆಂದರೆ ಮರ ತನ್ನ ದೋಷವನ್ನು ಕೂಡಲೇ ತೋರಿಸುವುದಿಲ್ಲ. ಸುಗ್ಗಿ ಮುಗಿದು ಬಿಸಿಲೇರುವ ಹೊತ್ತಿಗೆ ಕೆಲಸ ಹಿಡಿಯುವುದು ವಾಡಿಕೆ, ಪಾಲಿಶ್‌ಗೆ ಅದೇ ಸರಿಯಾದ ಕಾಲ ಕೂಡ. ಸ್ಪಿರಿಟ್‌ನಲ್ಲಿ ಅರಗು ಕರಗಿಸಿ ಬಳಿಯುವ ಫ್ರೆಂಚ್ ಪಾಲಿಶ್ ತೇವದ ಹವೆಯಲ್ಲಿ ಬೆಳ್ಳಗೆ ಮಬ್ಬುಗಟ್ಟುತ್ತದೆ. ಆದರೆ ಬೇಸಿಗೆಯಲ್ಲಿ ಕೂಡಿಗೆಗಳು ಒಣಗಿ ಬಾಯಿ ಬಿಟ್ಟಿರುತ್ತವೆ. ಆ ಸಂದಿಗೆ ಮರದ ಹಿಟ್ಟು, ಫೆವಿಕಾಲ್ ಕಲಸಿ ತುಂಬಿ, ಮೇಲೆ ಎರಡು ಕೋಟು ಎಳೆದರೆ ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಮಲೆನಾಡಿನ ಅಂಚಿನಲ್ಲಿರುವ ನಮ್ಮ ಸೀಮೆಯಲ್ಲಿ ಜೂನ್‌ನಿಂದ ಹವೆ ತೇವವಾಗುತ್ತದೆ, ಮರ ಅಗಲಕ್ಕೆ ಉಬ್ಬುತ್ತದೆ, ತುಂಬಿದ ಹಿಟ್ಟು ಒಡೆದು ಉದುರುತ್ತದೆ. ಮೇಲ್ಮೈಗಷ್ಟೇ ಪಾಲಿಶ್ ಹೊಡೆದು ಅಡಿಭಾಗವನ್ನು ಹಾಗೇ ಬಿಟ್ಟಿದ್ದರೆ ಅಡಿಯೊಂದೇ ತೇವ ಕುಡಿದು ಹಲಗೆ ಸೊಟ್ಟಗಾಗುತ್ತದೆ. ಅಷ್ಟು ಹೊತ್ತಿಗೆ ಪೂರ್ತಿ ಹಣ ಕೈದಾಟಿರುತ್ತದೆ.

ಆದ್ದರಿಂದ ಮಾತುಕತೆಯಲ್ಲಿ ರಿಪೇರಿ ಬೇರೆ, ಪಾಲಿಶ್ ಬೇರೆ ಇರಲಿ. 40,000 ರೂಪಾಯಿಗೆ ಒಪ್ಪಂದವಾಯಿತು ಎನ್ನಿ. ಮರ, ಸ್ಕ್ರೂ, ಪಾಲಿಶ್ ಪೇಪರ್ ಮುಂತಾದ ಸಾಮಾನಿಗೆಂದು 10,000 ಮುಂಗಡ. ಕೂಡಿಗೆ ಬಿಗಿಯಾದ ಮೇಲೆ, ಪಾಲಿಶ್ ಡಬ್ಬಿ ತೆರೆಯುವ ಮುನ್ನ 14,000. ಪಾಲಿಶ್ ಒಣಗಿದ ಮೇಲೆ 12,000. ಉಳಿದ 4,000 ದೀಪಾವಳಿಗೆ. ಎರಡನೆಯ ಕಂತಿಗೆ ಮುಂಚಿನ ಪರೀಕ್ಷೆಯೇ ಇಡೀ ವ್ಯವಹಾರದ ಜೀವಾಳ. ಪ್ರತಿ ಪಾವಟಿಗೆಯ ಎರಡೂ ತುದಿ, ನಡುಭಾಗ ಮೂರರ ಮೇಲೂ ಭಾರ ಹಾಕಿ ನಿಲ್ಲಿ. ಹಲಗೆಗೂ ಪಕ್ಕದ ಮರಕ್ಕೂ ನಡುವೆ ಲಗ್ನಪತ್ರಿಕೆಯ ಮೂಲೆ ತೂರುತ್ತದೆಯೇ ನೋಡಿ. ಕಟಾಂಜನದ ಕೆಳಗಿನ ಕಂಬವನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿ. ಅದು ನಿಂತರೆ ಉಳಿದದ್ದು ನಿಲ್ಲುತ್ತದೆ. ಸಡಿಲ ಜಾಗಕ್ಕೆ ಬೆಣೆ ಹೊಡೆದು ಬಿಗಿ ಮಾಡಿದ್ದಾರೋ, ಮೊಳೆ ಜಡಿದು ಕೈತೊಳೆದುಕೊಂಡಿದ್ದಾರೋ ಎನ್ನುವುದು ಕಾಣುವುದು ಈ ಹಂತದಲ್ಲಿ ಮಾತ್ರ. ಪಾಲಿಶ್ ವಿಷಯದಲ್ಲಿ 80, 120, 220 ಎಂದು ನಂಬರ್ ಏರಿಸುತ್ತ ಉಜ್ಜುವುದು, ಅಡಿಭಾಗಕ್ಕೂ ಒಂದು ಕೋಟು ಸೀಲರ್, ಇವೆರಡನ್ನು ಚೀಟಿಯಲ್ಲಿ ಬರೆಸಿಕೊಂಡರೆ ಸಾಕು.

ದುಡಿದವರ ಹಣ ತಡೆಹಿಡಿಯುವುದು ಅನ್ಯಾಯವಲ್ಲವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. 4,000 ರೂಪಾಯಿಗೆ ವರ್ಷಕ್ಕೆ ಶೇ 12ರಂತೆ ಎಂಟು ತಿಂಗಳ ಬಡ್ಡಿ 320 ರೂಪಾಯಿ. ಅದನ್ನು ಸೇರಿಸಿ 4,320 ಕೊಡುತ್ತೇವೆಂದು ಮೊದಲೇ ಬರೆದುಕೊಟ್ಟರೆ ಬಡಿಗೇರರಿಗೆ ಬಡ್ಡಿಯ ನಷ್ಟವಿಲ್ಲ. ನಂಬಿಕೆ ಇಲ್ಲವೆಂದು ಅವರು ಬೇಸರಪಟ್ಟುಕೊಳ್ಳಬಹುದು ಎಂಬುದು ಎರಡನೆಯ ಮಾತು. ಹಿಂದಿನ ಆಯದ ಪದ್ಧತಿಯನ್ನು ನೆನೆದರೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಕೂರಿಗೆ, ಕುಂಟೆ ರಿಪೇರಿ ಮಾಡಿದ ಬಡಿಗೇರರಿಗೆ ರೈತ ಕಾಳು ಅಳೆಯುತ್ತಿದ್ದದ್ದು ಸುಗ್ಗಿಯಲ್ಲಿ. ಅಷ್ಟರೊಳಗೆ ಕೂರಿಗೆ ಮುಂಗಾರು, ಹಿಂಗಾರು ಎರಡನ್ನೂ ಕಂಡಿರುತ್ತಿತ್ತು, ಕೆಟ್ಟರೆ ಅದೇ ಬಡಿಗೇರರು ಬಂದು ಸರಿಮಾಡುತ್ತಿದ್ದರು. ಆ ಪದ್ಧತಿಯಲ್ಲಿದ್ದ ಜಾತಿಯ ಕಟ್ಟುಪಾಡು, ಅಳತೆಯ ಮೋಸ ಯಾರಿಗೂ ಬೇಡ. ಕೆಲಸಕ್ಕೆ ಒಂದು ಹಂಗಾಮಿನ ಹೊಣೆ ಹೊರುವ ವಾಡಿಕೆ ಮಾತ್ರ ಉಳಿಸಿಕೊಳ್ಳುವಂಥದ್ದು. ಸರ್ಕಾರಿ ಕಾಮಗಾರಿಯ ಕರಾರುಗಳಲ್ಲೂ ದೋಷ ಹೊಣೆಗಾರಿಕೆ ಅವಧಿ ಎಂದು ಇರುವುದು ಇದೇ.

ಇಷ್ಟು ಕರಾರು ಹಾಕಿದರೆ ಒಳ್ಳೆಯ ಬಡಿಗೇರರು ಬರುವುದೇ ಇಲ್ಲ, ಬಂದರೂ ದರ ಏರಿಸುತ್ತಾರೆ ಎಂಬ ಮೂರನೆಯ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. ದರ ತುಸು ಏರಬಹುದು. ಆದರೆ ಮಳೆಗಾಲದ ನಂತರ ಮತ್ತೆ ಬಂದು ನೋಡಲು ಸಿದ್ಧರಿರುವವರು ಕೇಳುವ ಹೆಚ್ಚಿನ ದರ, ಮರುವರ್ಷ ಬೇರೊಬ್ಬರಿಗೆ ಕೊಡಬೇಕಾದ ಪೂರ್ತಿ ದರಕ್ಕಿಂತ ಕಡಿಮೆಯೇ. ಎಷ್ಟು ಕೊಟ್ಟರೂ ಬರುವುದಿಲ್ಲ ಎನ್ನುವವರು ತಮ್ಮ ಕೆಲಸದ ಬಗ್ಗೆ ತಾವೇ ಒಂದು ಮಾತು ಹೇಳಿದಂತಾಯಿತು. ಗ್ರಾಹಕರ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಇಂಥ ಸೇವೆಯ ಲೋಪಕ್ಕೂ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ 40,000 ರೂಪಾಯಿಯ ಪಾವಟಿಗೆಗಾಗಿ ಹಾವೇರಿಗೆ ಅಲೆಯುವುದಕ್ಕಿಂತ ಒಂದು ಹಾಳೆಯಲ್ಲಿ ನಾಲ್ಕು ಕಂತು ಬರೆದು ಇಬ್ಬರೂ ಸಹಿ ಮಾಡಿಕೊಳ್ಳುವುದು ಅಗ್ಗ. ಆ ಹಾಳೆಯ ಒಂದು ಪ್ರತಿ ಬಡಿಗೇರರ ಬಳಿಯೂ ಇರಲಿ. ದೀಪಾವಳಿಗೆ ಹಣ ಕೊಡದೆ ಸತಾಯಿಸುವ ಯಜಮಾನರೂ ನಮ್ಮಲ್ಲಿ ಕಡಿಮೆಯಿಲ್ಲ.