ಖಾತೆಯಲ್ಲಿರುವುದೆಲ್ಲ ನಮ್ಮದಲ್ಲ

2019ರ ಜುಲೈ. ಮೈಸೂರಿನ ಕುವೆಂಪುನಗರದ ಒಂದು ಮಹಡಿ ಮನೆಯಲ್ಲಿ ನಾವು ಐದು ಜನ ಕೂತು ಶಾಲೆಗಳಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಫೀಸು, ಹಾಜರಾತಿ, ಅಂಕಪಟ್ಟಿ, ಪೋಷಕರಿಗೆ ಸಂದೇಶ. ಇಷ್ಟೇ ನಮ್ಮ ಸರಕು. 50 ಖಾಸಗಿ ಶಾಲೆಗಳು ವರ್ಷದ ಚಂದಾ ಕಟ್ಟಿದ್ದವು. ಬ್ಯಾಂಕಿಗೆ ಬಂದು ಬಿದ್ದದ್ದು 19 ಲಕ್ಷ 44 ಸಾವಿರ ರೂಪಾಯಿ. ಅಷ್ಟು ದುಡ್ಡನ್ನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಆ ವಾರವೇ ಒಂದೂವರೆ ಲಕ್ಷ ಕೊಟ್ಟು ಮೂರು ಲ್ಯಾಪ್‌ಟಾಪ್ ತಂದೆ. ಹೊಸ ಹುಡುಗನೊಬ್ಬನಿಗೆ ಆಗಸ್ಟ್‌ನಿಂದ ಬಾ ಎಂದು ಆಫರ್ ಲೆಟರ್ ಕೊಟ್ಟೆ.

ಜಿಎಸ್‌ಟಿ ಕಟ್ಟುವ ದಿನ ಹತ್ತಿರ ಬಂತೆಂದು ಆಡಿಟರ್ ಬಳಿ ಹೋದೆ. ಸ್ಟೇಟ್‌ಮೆಂಟ್ ತಿರುವಿ ಹಾಕಿದ ಅವರು ಕೇಳಿದರು: “ಚೆನ್ನಾಗಿದೆ ಕಣಪ್ಪ. ಇದರಲ್ಲಿ ನಿನ್ನದೆಷ್ಟು?”

“ಎಲ್ಲಾ ನಮ್ದೇ ಅಲ್ವಾ ಸಾರ್?”

ಅವರು ನಗಲಿಲ್ಲ. ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದರು. ಒಂದು ಶಾಲೆಗೆ ವರ್ಷಕ್ಕೆ 36 ಸಾವಿರ; 50 ಶಾಲೆಗೆ 18 ಲಕ್ಷ. ಅದರ ಮೇಲೆ ಶೇ 18 ಜಿಎಸ್‌ಟಿ ಎಂದರೆ 3 ಲಕ್ಷ 24 ಸಾವಿರ. ಅದು ಸರ್ಕಾರದ್ದು, ನಾವು ಬರೀ ಹೊತ್ತು ತಂದವರು. ಲ್ಯಾಪ್‌ಟಾಪ್ ಕೊಂಡಾಗ ಕಟ್ಟಿದ ತೆರಿಗೆ ಅಷ್ಟಿಷ್ಟು ವಜಾ ಆದೀತು, ಅಷ್ಟೇ. ಇನ್ನು ಶಾಲೆಗಳು ಚೆಕ್ ಬರೆಯುವಾಗಲೇ ಶೇ 10 ಟಿಡಿಎಸ್ ಮುರಿದುಕೊಂಡಿದ್ದವು. ವರ್ಷಕ್ಕೆ 30 ಸಾವಿರ ದಾಟಿದರೆ ಮುರಿಯಬೇಕೆಂಬ ನಿಯಮ ಆಗ ಇತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 50 ಸಾವಿರ. ಹಾಗೆ ಹೋದ 1 ಲಕ್ಷ 80 ಸಾವಿರ ನಮ್ಮದೇ. ಆದರೆ ಮುಂದಿನ ವರ್ಷ ರಿಟರ್ನ್ ಸಲ್ಲಿಸಿ, ರಿಫಂಡ್ ಬರುವವರೆಗೆ ಕಾಯಬೇಕು.

ಉಳಿದದ್ದು 16 ಲಕ್ಷ 20 ಸಾವಿರ. ಈಗ ಖರ್ಚಿನ ಕಡೆ. ನಾಲ್ವರ ಸಂಬಳ 92 ಸಾವಿರ, ನನ್ನದು 25 ಸಾವಿರ, ಬಾಡಿಗೆ, ಕರೆಂಟು, ಇಂಟರ್ನೆಟ್ ಸೇರಿ 14 ಸಾವಿರ, ಸರ್ವರ್ ಮತ್ತು ಎಸ್‌ಎಂಎಸ್ 11 ಸಾವಿರ. ತಿಂಗಳಿಗೆ 1 ಲಕ್ಷ 42 ಸಾವಿರ, ವರ್ಷಕ್ಕೆ 17 ಲಕ್ಷ 4 ಸಾವಿರ. ಕಾಗದದ ಮೇಲೆ 96 ಸಾವಿರ ಲಾಭ. ಕೈಯಲ್ಲಿ 84 ಸಾವಿರ ಕೊರತೆ. ಲ್ಯಾಪ್‌ಟಾಪು, ಹೊಸ ಹುಡುಗ ಇನ್ನೂ ಈ ಲೆಕ್ಕಕ್ಕೆ ಬಂದಿರಲಿಲ್ಲ.

ಹಾಳೆ ಮಡಚಿ ಜೇಬಿಗಿಟ್ಟುಕೊಂಡು ಬಂದೆ. ನಡುವೆ ಇನ್ನೊಂದು ಹತ್ತು ಶಾಲೆ ಸಿಕ್ಕರೆ ಸರಿಹೋಗುತ್ತದೆ ಎಂದುಕೊಂಡೆ. ಸಿಗಲಿಲ್ಲ. ಜೂನ್‌ನಲ್ಲಿ ಒಂದು ಸಾಫ್ಟ್‌ವೇರ್‌ಗೆ ಒಗ್ಗಿಕೊಂಡ ಹೆಡ್‌ಮಾಸ್ಟರು ಅಕ್ಟೋಬರ್‌ನಲ್ಲಿ ಇನ್ನೊಂದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ದರ ಏರಿಸೋಣವೆಂದರೆ, ಶಾಲೆಗಳು ಕಟ್ಟುವ ಜಿಎಸ್‌ಟಿಗೆ ವಜಾ ಇಲ್ಲ. ಆ ಶೇ 18 ಅವರಿಗೆ ಪೂರ್ತಿ ಖರ್ಚೇ. “ಎಲ್ಲಾ ಸೇರಿ ಎಷ್ಟು ಹೇಳಿ” ಎನ್ನುತ್ತಾರೆ.

ಈ ನಡುವೆ ನನಗೆ ಪಾಠ ಕಲಿಸಿದ್ದು ಎಸ್‌ಎಂಎಸ್. 600 ಮಕ್ಕಳಿರುವ ಒಂದು ಶಾಲೆಯವರು, ಪ್ರತಿದಿನದ ಹೋಂವರ್ಕನ್ನು ಪೋಷಕರಿಗೆ ಕನ್ನಡದಲ್ಲೇ ಕಳಿಸಿ ಎಂದರು. ಕನ್ನಡದ ಕೆಲಸವೆಂದು ಅಭಿಮಾನದಿಂದ ಒಪ್ಪಿ, ಉಚಿತ ಎಂದೂ ಬರೆದುಕೊಟ್ಟೆ. ಇಂಗ್ಲಿಷ್ ಆದರೆ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತವೆ. ಕನ್ನಡಕ್ಕೆ ಮಿತಿ 70. ಅದರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆಯಾಗಿ ಎಣಿಕೆಯಾಗುತ್ತವೆ. ಹಾಗಾಗಿ ಒಂದು ಸಂದೇಶಕ್ಕೆ ಎರಡು ಎಸ್‌ಎಂಎಸ್ ದುಡ್ಡು. ಒಂದಕ್ಕೆ 15 ಪೈಸೆಯಂತೆ, 600 ಪೋಷಕರಿಗೆ ದಿನಕ್ಕೆ 180 ರೂಪಾಯಿ. ಶಾಲೆ ನಡೆಯುವ 200 ದಿನಕ್ಕೆ 36 ಸಾವಿರ. ಆ ಶಾಲೆ ನಮಗೆ ವರ್ಷಕ್ಕೆ ಕೊಡುತ್ತಿದ್ದದ್ದೂ 36 ಸಾವಿರವೇ! ಮೂರನೇ ತಿಂಗಳು ಬಿಲ್ ನೋಡಿ ಎಚ್ಚೆತ್ತು, ಹೋಂವರ್ಕನ್ನು ಆ್ಯಪ್‌ಗೆ ಸಾಗಿಸಿದೆವು. ಗೈರುಹಾಜರಾದ ಮಗುವಿನ ಮನೆಗೆ ಮಾತ್ರ ಎಸ್‌ಎಂಎಸ್ ಎಂದಾಯಿತು. ಆದಾಯ ವರ್ಷಕ್ಕೊಂದೇ ಸಲ ನಿಗದಿಯಾಗುವ ವ್ಯಾಪಾರದಲ್ಲಿ, ದಿನದಿನವೂ ಬೆಳೆಯುವ ಖರ್ಚನ್ನು ಉಚಿತ ಎನ್ನಬಾರದು.

ಸರ್ವರ್ ಕಥೆ ಚಿಕ್ಕದು. ನಾವು ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಸರ್ವರ್ ವಾರದ 168 ಗಂಟೆಯೂ ಓಡುತ್ತಿತ್ತು. ನಾವು ಕೆಲಸ ಮಾಡುತ್ತಿದ್ದದ್ದು 50 ಗಂಟೆ. ಹಳ್ಳಿಯ ಮನೆಗಳಲ್ಲಿ ಮಲಗುವ ಮುಂಚೆ ಹಿರಿಯರೊಬ್ಬರು ಎದ್ದು ಎಲ್ಲ ದೀಪ ಆರಿಸಿ ಬರುತ್ತಾರಲ್ಲ, ಆ ಕೆಲಸ ಮಾಡುವವರು ನಮ್ಮಲ್ಲಿರಲಿಲ್ಲ. ರಾತ್ರಿ 8ಕ್ಕೆ ತಾನಾಗಿ ಆಫ್ ಆಗುವಂತೆ ಮಾಡಲು ಬೇಕಾದದ್ದು ಒಂದು ಮಧ್ಯಾಹ್ನದ ಕೆಲಸ. ಅದನ್ನು ಮಾಡಲು ನಮಗೆ ಎರಡು ವರ್ಷ ಹಿಡಿಯಿತು.

2020ರ ಮಾರ್ಚ್ ಸಂಬಳ ಕೊಟ್ಟಾಗ ಖಾತೆ ಬರಿದಾಯಿತು. ಜೂನ್‌ಗೆ ಹೇಗೂ ಬರುತ್ತದಲ್ಲ ಎಂಬ ಧೈರ್ಯವೂ ಉಳಿಯಲಿಲ್ಲ. ಮಾರ್ಚ್ 25ರಿಂದ ಲಾಕ್‌ಡೌನ್. ಆ ಜೂನ್‌ನಲ್ಲಿ ಶಾಲೆಗಳ ಬಾಗಿಲೇ ತೆರೆಯಲಿಲ್ಲ. ಅಮ್ಮನ ಎಫ್.ಡಿ. ಮುರಿಸಿ ಹುಡುಗರಿಗೆ ಅರ್ಧರ್ಧ ಸಂಬಳ ಕೊಟ್ಟೆ. ಒಂಬತ್ತು ತಿಂಗಳು ನಾನು ಏನೂ ತೆಗೆದುಕೊಳ್ಳಲಿಲ್ಲ. ಹೊಸ ಹುಡುಗ ಸೆಪ್ಟೆಂಬರ್‌ನಲ್ಲಿ ಬೇರೆ ಕೆಲಸ ಹುಡುಕಿಕೊಂಡ. ಅವನು ಹೋದದ್ದಕ್ಕೆ ಕೊರೊನಾವನ್ನು ದೂರುವುದು ಸುಲಭ. ಆದರೆ ಕೊರೊನಾ ಬರುವ ಮೊದಲೇ ಅವನ ಏಪ್ರಿಲ್ ಸಂಬಳ ನನ್ನ ಬಳಿ ಇರಲಿಲ್ಲ.

ಈಗ ನಮ್ಮಲ್ಲಿ ಮೂರು ಖಾತೆಗಳಿವೆ. ಚಂದಾ ಬಂದ ದಿನವೇ ಅದರ ಜಿಎಸ್‌ಟಿ ತೆರಿಗೆ ಖಾತೆಗೆ ಹೋಗುತ್ತದೆ. ಉಳಿದದ್ದು ಎರಡನೆಯದಕ್ಕೆ. ಅಲ್ಲಿಂದ ಪ್ರತಿ ತಿಂಗಳು 1ನೇ ತಾರೀಖು ಹನ್ನೆರಡನೇ ಒಂದು ಭಾಗ ಮಾತ್ರ ಮೂರನೆಯ, ದಿನನಿತ್ಯದ ಖಾತೆಗೆ ಇಳಿಯುತ್ತದೆ. ಬಿಲ್ ಬರೆದ ತಿಂಗಳ ಜಿಎಸ್‌ಟಿಯನ್ನು, ಶಾಲೆ ದುಡ್ಡು ಕೊಡಲಿ ಬಿಡಲಿ, ನಾವು ಕಟ್ಟಲೇಬೇಕು. ಅದಕ್ಕೇ ಚಂದಾ ಕೇಳುವಾಗ ಮೊದಲು ಪ್ರೊಫಾರ್ಮಾ ಕಳಿಸಿ, ಹಣ ಬಂದ ಮೇಲೆ ಟ್ಯಾಕ್ಸ್ ಇನ್‌ವಾಯ್ಸ್ ಕೊಡುತ್ತೇವೆ. ಎಸ್‌ಎಂಎಸ್ ಖರ್ಚು ಶಾಲೆಯದೇ. ಅರ್ಧ ಶಾಲೆಗಳನ್ನು ಎರಡು ಕಂತಿಗೆ ಒಪ್ಪಿಸಿದ್ದೇವೆ. ಮಕ್ಕಳು ಎರಡನೇ ಅವಧಿಯ ಫೀಸು ಕಟ್ಟುವ ನವೆಂಬರ್‌ನಲ್ಲಿ ನಮಗೂ ಒಂದಿಷ್ಟು ಬರುತ್ತದೆ.

ನಿಮ್ಮದೂ ನಾಲ್ಕೈದು ಜನರ ತಂಡವಾಗಿದ್ದರೆ ಒಂದು ಕೆಲಸ ಮಾಡಿ. ಇವತ್ತು ಖಾತೆಯಲ್ಲಿರುವ ಮೊತ್ತದಿಂದ ಸರ್ಕಾರದ ಪಾಲು ಕಳೆಯಿರಿ. ಗ್ರಾಹಕ ಮುಂಗಡ ಕೊಟ್ಟಿರುವ ತಿಂಗಳುಗಳ ಖರ್ಚನ್ನೂ ಕಳೆಯಿರಿ. ಲ್ಯಾಪ್‌ಟಾಪ್ ಬೇಕೋ ಬೇಡವೋ ಎಂಬುದನ್ನು ಆಮೇಲೆ ಉಳಿದದ್ದನ್ನು ನೋಡಿ ನಿರ್ಧರಿಸಿ. 2019ರಲ್ಲಿ ತಂದ ಆ ಮೂರರಲ್ಲಿ ಎರಡು ಈಗಲೂ ನಮ್ಮಲ್ಲಿ ನಡೆಯುತ್ತಿವೆ. ಹಳೆಯವೂ ಇನ್ನೆರಡು ವರ್ಷ ನಡೆಯುತ್ತಿದ್ದವು.