ತಲೆಯ ಪೆಟ್ಟೂ ಕಣ್ಣಿನ ನೋಟವೂ

ನಾವು ಕಣ್ಣಿನಿಂದ ನೋಡುತ್ತೇವೆಂದು ಹೇಳುವುದು ವಾಡಿಕೆ. ಆದರೆ ಇದು ಅರ್ಧ ಸತ್ಯವು. ಕಣ್ಣು ಬೆಳಕನ್ನು ಗ್ರಹಿಸುವುದು. ನೇತ್ರನರವು ಆ ವರ್ತಮಾನವನ್ನು ಮಿದುಳಿಗೆ ಒಯ್ಯುವುದು. ಅದು ನೋಟವಾಗಿ ರೂಪುಗೊಳ್ಳುವುದು ಮುಖ್ಯವಾಗಿ ಮಿದುಳಿನ ಹಿಂಭಾಗದಲ್ಲಿ. 1904-05ರ ರಷ್ಯ-ಜಪಾನ್ ಯುದ್ಧದಲ್ಲಿ ತಲೆಗೆ ಗುಂಡು ತಗಲಿದ ಸಿಪಾಯಿಗಳನ್ನು ಜಪಾನಿನ ನೇತ್ರವೈದ್ಯರಾದ ತಾತ್ಸುಜಿ ಇನೋಯೆ ಎಂಬವರು ಪರೀಕ್ಷಿಸಿದರು. ಮಿದುಳಿನ ಹಿಂಭಾಗದ ಯಾವ ಸ್ಥಳವು ಕೆಟ್ಟರೆ ನೋಟದ ಯಾವ ಪಾಲು ಕುಂದುವುದೆಂಬುದನ್ನು ಅವರು 1909ರಲ್ಲಿ ಪ್ರಕಟಿಸಿದರು.

ಗುಂಡಿನ ಗಾಯವು ಕಣ್ಣಿಗೆ ಕಾಣುವಂಥದು. ಅಂಗಳದಲ್ಲಿ ಜಾರಿಬಿದ್ದ ಬಾಲಿಕೆಯ ತಲೆಯೊಳಗಿನ ಗಾಯವನ್ನು ಕಾಣುವುದು ಹೇಗೆ? ರಂಟ್ಗನ್ ಪಂಡಿತರು 1895ರಲ್ಲಿ ಕಂಡುಹಿಡಿದ ಕ್ಷ-ಕಿರಣವು ಎಲುಬನ್ನು ತೋರಿಸಿತೇ ಹೊರತು ಮೃದುವಾದ ಮಿದುಳನ್ನು ಚೆನ್ನಾಗಿ ತೋರಿಸಲಾರದೆ ಹೋಯಿತು. 1971ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಲಂಡನ್ನಿನಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರವನ್ನು ಪದರಪದರವಾಗಿ ತೆಗೆಯಿತು. ಎಲುಬಿನ ಬಿರುಕನ್ನೂ ರಕ್ತಸ್ರಾವವನ್ನೂ ತಿಳಿಯಲು ಇದು ಬಹಳ ಉಪಯುಕ್ತವು. ಅನಂತರ ಬಂದ ಎಮ್.ಆರ್.ಐ. ಯಂತ್ರವು ಕಾಂತಶಕ್ತಿಯಿಂದ ಇನ್ನೂ ಸೂಕ್ಷ್ಮವಾದ ಚಿತ್ರವನ್ನು ಕೊಡುವುದು.

ಆದಾಗ್ಯೂ ಪೆಟ್ಟು ಲಘುವಾಗಿದ್ದಲ್ಲಿ ಈ ಚಿತ್ರಗಳು ಹೆಚ್ಚಾಗಿ ನಿರ್ದೋಷವಾಗಿಯೇ ಬರುವವು. ಆದರೂ ರೋಗಿಗೆ ಅಕ್ಷರಗಳು ಮಂಜಾಗುವವು, ಒಂದು ಎರಡಾಗಿ ಕಾಣುವುದು, ಬೆಳಕು ಸಹಿಸದು. ಎರಡು ಕಣ್ಣುಗಳೂ ಕೂಡಿ ಒಂದೇ ಸಾಲನ್ನು ಓದಬೇಕಾದರೆ ಮಿದುಳಿನ ಅನೇಕ ಭಾಗಗಳು ಪರಸ್ಪರ ಸಹಕರಿಸಬೇಕು. ಅವುಗಳನ್ನು ಜೋಡಿಸುವ ನರತಂತುಗಳು ಪೆಟ್ಟಿನ ವೇಗಕ್ಕೆ ಸೆಳೆದು ನೋಯಬಹುದು. ಆದುದರಿಂದ ಶೋಧಕರು ಎಮ್.ಆರ್.ಐ.ಯನ್ನು ಬೇರೆ ಎರಡು ಬಗೆಯಲ್ಲಿ ಉಪಯೋಗಿಸುವರು. ಒಂದು, ತಂತುಗಳ ಉದ್ದಕ್ಕೂ ನೀರಿನ ಕಣಗಳು ಚಲಿಸುವ ರೀತಿಯನ್ನು ಅಳೆದು ತಂತುಗಳ ಸ್ಥಿತಿಯನ್ನು ಊಹಿಸುವುದು. ಮತ್ತೊಂದು, ನೋಡುತ್ತಿರುವಾಗ ಮಿದುಳಿನ ಯಾವ ಭಾಗವು ಕೆಲಸಮಾಡುತ್ತದೆಂಬುದನ್ನು ರಕ್ತದ ಪ್ರಾಣವಾಯುವಿನ ಬದಲಾವಣೆಯಿಂದ ಅರಿಯುವುದು. ಈ ಎರಡನೆಯದಕ್ಕೆ ದಾರಿತೋರಿದವರು ಸೇಜಿ ಒಗಾವಾ, ವರ್ಷ 1990.

ಈ ಕ್ರಮಗಳು ಅನೇಕರನ್ನು ಹೋಲಿಸಿ ಅಭ್ಯಾಸಮಾಡಲು ಸಹಾಯಕವಾಗಿವೆ; ಒಬ್ಬಳ ತೊಂದರೆಯನ್ನು ನಿರ್ಣಯಿಸಲು ಇವಷ್ಟೇ ಸಾಲವು. ಕಣ್ಣಿನ ಪರೀಕ್ಷೆಯೂ ರೋಗಿಯ ಸ್ವಂತ ಮಾತೂ ಇಂದಿಗೂ ಅವಶ್ಯವು.

ಉಪಾಧ್ಯಾಯಿನಿಯರಾದ ನಮಗೆ ಇದರಲ್ಲಿ ಪಾಠವುಂಟು. ಬಿದ್ದೆದ್ದು ಬಂದ ಬಾಲಿಕೆಗೆ ತಲೆನೋವು ಹೆಚ್ಚುತ್ತಿದ್ದರೆ, ಪದೇಪದೇ ವಾಂತಿಯಾದರೆ, ತೂಕಡಿಕೆ ಬಂದರೆ, ನೋಟ ಕೆಟ್ಟರೆ, ತಡಮಾಡದೆ ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ವಾರಗಳ ಮೇಲೆಯೂ ಅವಳು “ಅಮ್ಮಾ, ಅಕ್ಷರಗಳು ಓಡುತ್ತವೆ” ಎಂದರೆ ಸೋಮಾರಿಯೆಂದು ಗದರಿಸಬಾರದು. ಚಿತ್ರವು ನಿರ್ದೋಷವಾಗಿದ್ದ ಮಾತ್ರಕ್ಕೆ ಮಗುವಿನ ಮಾತು ಸುಳ್ಳಾಗುವುದಿಲ್ಲ.